ಎರಡು ಮುಳ್ಳು

ಆಟೋ ಕಾಂಪ್ಲೆಕ್ಸಿನ ಮೂರನೇ ಸಾಲಲ್ಲಿ ನನ್ನ ಅಂಗಡಿ.
ಲಾರಿ, ಬಸ್ಸು, ಟ್ರ್ಯಾಕ್ಟರು, ಯಾವುದರ ಮೀಟರಾದರೂ ಸರಿ,
ಬಿಚ್ಚುತ್ತೇನೆ, ಜೋಡಿಸುತ್ತೇನೆ. ಬೋರ್ಡು ಇಲ್ಲ.
ಮುಳ್ಳಿನ ಫೆಲಿಕ್ಸು ಎಲ್ಲಿ ಅಂದರೆ
ಎನ್.ಟಿ. ರಸ್ತೆಯಲ್ಲಿ ನಿಂತವರೂ ಕೈ ತೋರಿಸುತ್ತಾರೆ.

ಸೋಗಾನೆಗೆ ಇಳಿಯುವ ವಿಮಾನ ತಲೆ ಮೇಲೆ ಹಾದಾಗ
ಎಲ್ಲರೂ ರೆಕ್ಕೆ ನೋಡುತ್ತಾರೆ.
ನಾನು ಮೂತಿಯ ಪಕ್ಕ ಹುಡುಕುತ್ತೇನೆ,
ಕಾಣುವುದಿಲ್ಲ ಅಂತ ಗೊತ್ತಿದ್ದೂ,
ಕಿರುಬೆರಳಿನಷ್ಟು ಒಂದು ಕೊಳವೆ.

ಗಾಳಿ ಅದಕ್ಕೆ ಬಾಯಿಟ್ಟು ಊದಬೇಕು,
ಊದಿದಷ್ಟನ್ನು ಒಳಗೆ ಮುಳ್ಳು ಓದಬೇಕು.
ಇಷ್ಟೇ ವಿದ್ಯೆ.
ಹದಿನಾಲ್ಕು ವರ್ಷ ಸರಕು ವಿಮಾನಗಳ ಹೊಟ್ಟೆಯಡಿ ನಿಂತು
ನಾನು ಕಾದದ್ದು ಇದನ್ನೇ.

ಕೊಳವೆಗೊಂದು ಟೋಪಿ, ಟೋಪಿಗೊಂದು ಕೆಂಪು ಬಾಲ.
ನಿಂತಾಗ ಹಾಕಬೇಕು, ಹೊರಟಾಗ ತೆಗೆಯಬೇಕು.
ಆ ಸಲ ಎಡಗಡೆಯ ಟೋಪಿ ಹರಿದಿತ್ತು.
ಸ್ಟೋರಿನ ಗುಮಾಸ್ತ ನಾಳೆ ಬಾ ಅಂದ.
ನಾಳೆ ಭಾನುವಾರ. ನಾಡಿದ್ದು ಅವನ ರಜೆ.
ನಾಲ್ಕು ದಿನ ಬಿಸಿಲಲ್ಲಿ ಬಾಯಿ ತೆರೆದು ನಿಂತಿತು.

ಕುಂಬಾರ ಹುಳಕ್ಕೆ ಅಷ್ಟು ಸಾಕು.
ಅದು ಮನೆಯೊಳಗೆ ಗೂಡು ಕಟ್ಟಿದರೆ
ಬಸುರಿಯ ಸುದ್ದಿ ಬರುತ್ತೆ ಅನ್ನುತ್ತಿದ್ದಳು ಅಮ್ಮ.
ಉಂಡೆ ಉಂಡೆ ಮಣ್ಣು ತಂದು, ನೆನೆಸಿ, ಮೆತ್ತಿ,
ಮರಿಗೆ ಬುತ್ತಿ ಅಂತ ಹಸಿರು ಹುಳ ಒಂದನ್ನು ಒಳಗಿಟ್ಟು
ಬಾಗಿಲು ಮುಚ್ಚಿ ಹೋಗಿತ್ತು.
ಅವತ್ತು ತನ್ನ ಕೆಲಸ ತಪ್ಪಿಲ್ಲದೆ ಮಾಡಿದ್ದು
ಅದೊಂದೇ.

ಹನ್ನೊಂದು ಟನ್ ಈರುಳ್ಳಿ. ಎರಡು ಜನರೇಟರು.
ರನ್‌ವೇ ಮೇಲೆ ಓಡುವಾಗ
ಬರೂಚನ ಮುಳ್ಳು ಅಲ್ಲಾಡಲೇ ಇಲ್ಲ.
ನಿಲ್ಲಿಸಬಹುದಿತ್ತು.
ಏರಿದ ಮೇಲೆ ಸರಿಹೋಗುತ್ತೆ ಅಂದ ಕ್ಯಾಪ್ಟನ್.
ಏರಿದ ಮೇಲೆ ಸರಿಹೋಯಿತು!
ಅದೇ ಕೇಡು.
ಮುಚ್ಚಿದ ಕೊಳವೆಯಲ್ಲಿ ಕೂತಿದ್ದದ್ದು ನೆಲದ ಗಾಳಿ,
ಹೊರಗೆ ಆಕಾಶ ತೆಳ್ಳಗಾದಷ್ಟೂ ಅದು ಒಳಗೆ ಬೀಗಿತು,
ಮುಳ್ಳು ಓಡಿತು, ಇನ್ನೂರು, ಇನ್ನೂರೈವತ್ತು, ಮುನ್ನೂರು.
ವೇಗ ಜಾಸ್ತಿ ಅಂತ ಅವನು ಮೂತಿ ಎತ್ತಿದ.
ಇನ್ನೂ ಎತ್ತಿದ.

ತನಿಖೆಯ ಕೋಣೆಯಲ್ಲಿ ಅವರ ಕೊನೆಯ ಮಾತು
ಕಾಗದ ನೋಡಿ ಓದಿದರು, ಪಡಿತರದ ಪಟ್ಟಿ ಓದಿದ ಹಾಗೆ.
ಸೈಕಿಯಾ, ಇಪ್ಪತ್ತಾರರ ಹುಡುಗ:
"ಸರ್, ನನ್ನ ಕಡೆ ನೂರ ಹತ್ತು."
"ನಿನ್ನದು ಕೆಟ್ಟಿದೆ."
ನಾಲ್ಕು ಸೆಕೆಂಡು ಖಾಲಿ.
"ಇರಬಹುದು ಸರ್."

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅಂತಾರೆ.
ನಡುವೆ ಮೂರನೆಯದೊಂದಿತ್ತು, ಚಿಕ್ಕದು,
ಅದೂ ನೂರ ಹತ್ತನ್ನೇ ತೋರಿಸುತ್ತಿತ್ತು.
ಯಾರೂ ಅದನ್ನು ಸಾಕ್ಷಿ ಕೇಳಲಿಲ್ಲ.
ಬೀಳುತ್ತಿದ್ದೀರಿ ಅಂತ ಹಿಡಿ ನಡುಗಿತು ಕೈಯಲ್ಲಿ,
ಮೀರುತ್ತಿದ್ದೀರಿ ಅಂತ ಗಂಟೆ ಬಡಿಯಿತು ಕಿವಿಯಲ್ಲಿ.
ಬರೂಚ ಗಂಟೆಯನ್ನು ನಂಬಿದ.

ಉಪಕರಣದ ದೋಷ, ಸಿಬ್ಬಂದಿಯ ತಪ್ಪು ಅಂತ ವರದಿ.
ನನ್ನ ಹೆಸರು ಕೆಳಗೆ ಸಣ್ಣಕ್ಷರದ ಟಿಪ್ಪಣಿಯಲ್ಲಿ,
ಅದೂ ತಪ್ಪಾಗಿ: ಫಿಲಿಪ್ಸ್.
ತಿದ್ದಿ ಅಂತ ನಾನು ಹೇಳಲಿಲ್ಲ.

ನಿನ್ನೆ ಹಾಲೇಶಪ್ಪನ ಲಾರಿ ಬಂತು,
ದಿನಾ ಹುಲಿಕಲ್ ಘಾಟಿ ಇಳಿಯುವ ಗಾಡಿ.
ಬೆಂಚಿಗೆ ಕಟ್ಟಿ ತಿರುಗಿಸಿದೆ. ಅರವತ್ತು.
ಸರಿಯಾಗಿದೆ, ತಗೊಂಡು ಹೋಗು ಅಂದೆ.
ಮುನೀರ ಕೆಲಸಕ್ಕೆ ಸೇರಿ ಎರಡು ತಿಂಗಳು,
ಬೋಲ್ಟಿನ ಡಬ್ಬದೊಳಗೆ ಕಣ್ಣಿಟ್ಟು ಅಂದ:
"ಅಣ್ಣ, ನಾನು ಇನ್ನೊಂದು ಮೀಟರಿಗೆ ಹಾಕಿ ನೋಡ್ದೆ.
ಎಂಬತ್ತು ಬಂತು."

"ನಿನ್ನದು..." ಅಂತ ಶುರು ಮಾಡಿದ್ದೆ.
ಬಾಯಲ್ಲಿ ಮಣ್ಣಿನ ರುಚಿ.
ಹೊರಗೆ ಹಾಲೇಶಪ್ಪ ಹೊತ್ತಾಯ್ತು ಅಂತ ಹಾರ್ನು ಒತ್ತಿದ.
ಹುಡುಗ ಆಗಲೇ ತಲೆ ತಗ್ಗಿಸಿ
ಇರಬಹುದಣ್ಣ ಅನ್ನುವುದರಲ್ಲಿದ್ದ.

ಹಾಗನ್ನಬೇಡ, ಅಂದೆ.
ಇನ್ನೊಂದ್ಸಲ ಹೇಳು. ಜೋರಾಗಿ.
ಹಾರ್ನಿನ ಮೇಲೆ ಕೇಳಬೇಕು.